ಮೊಬೈಲ್ ವಿಕಿರಣ: ಅಂಜಿಕೆ ಎಲ್ಲಿ, ಎಚ್ಚರ ಎಲ್ಲಿ?

ಕಾರವಾರದ ಸೀಮೆಯವರಿಗೆ ‘ವಿಕಿರಣ’ ಎಂಬ ಶಬ್ದ ಹೊಸದಲ್ಲ. ಡಾ. ಶಿವರಾಮ ಕಾರಂತರು ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದ ಕಾಲದಿಂದಲೂ ಅಲ್ಲಿ ಅದು ಮನೆಮಾತು. ಸ್ಥಾವರವು 2000ನೆಯ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಊರ ನಡುವೆ ಮೊಬೈಲ್ ಟವರ್ ಎದ್ದಾಗ ಭಕ್ತರ ಮನಸ್ಸಿನಲ್ಲಿ ಅದೇ ಹಳೆಯ ಅಳುಕು ಮೂಡುವುದು ಸಹಜ. ಆದರೆ ಇವೆರಡೂ ಒಂದೇ ಜಾತಿಯವಲ್ಲ. ಅಣುವಿನಿಂದ ಹೊಮ್ಮುವ ಗಾಮಾ ಕಿರಣವು ಜೀವಕೋಶದೊಳಗಿನ ಡಿಎನ್‌ಎ ಎಳೆಯನ್ನೇ ಕಡಿಯಬಲ್ಲದು. ಮೊಬೈಲಿನ ರೇಡಿಯೋ ತರಂಗಕ್ಕೆ ಆ ಬಲವಿಲ್ಲ. ಪ್ರಮಾಣ ಹೆಚ್ಚಾದರೆ ಅದು ಅಂಗಾಂಶವನ್ನು ಬಿಸಿಮಾಡುತ್ತದೆ.

ಕ್ಯಾನ್ಸರಿನ ಸಂದೇಹ ಹುಟ್ಟಿದ್ದು ಸುಮ್ಮನೆ ಅಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ತರಂಗಗಳನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ವರ್ಗದಲ್ಲಿಟ್ಟಿತು. ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಸಮಗ್ರ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ. ನಮ್ಮ ಸರ್ಕಾರವಂತೂ ಟವರುಗಳ ವಿಕಿರಣ ಮಿತಿಯನ್ನು 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲಿಗೆ ಇಳಿಸಿತು.

ಜನ ಗಮನಿಸದ ಸಂಗತಿಯೊಂದಿದೆ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಅಂಕೋಲೆಗೆ ಇಳಿಯುವಾಗ ಫೋನು ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುವುದನ್ನು ಕಂಡಿರಬಹುದು. ಟವರ್ ದೂರವಾದಷ್ಟೂ, ಗುಡ್ಡ ಅಡ್ಡ ಬಂದಷ್ಟೂ ಫೋನು ತನ್ನ ದನಿಯನ್ನು ಏರಿಸಬೇಕಾಗುತ್ತದೆ. ಬಸ್ಸಿನ ತಗಡಿನ ಮೈಯೂ ತರಂಗಕ್ಕೆ ತಡೆಯೇ. ಟವರ್ ಸಮೀಪವಿದ್ದರೆ ಅದೇ ಫೋನು ತನ್ನ ಗರಿಷ್ಠ ಶಕ್ತಿಯ ಸಾವಿರದಲ್ಲೊಂದು ಪಾಲಿನಲ್ಲೂ ಮಾತನಾಡಬಲ್ಲದು. ಅಂದಮೇಲೆ ಟವರ್ ಬೇಡವೆಂದು ದೂರ ಅಟ್ಟಿ, ಒಂದೇ ಗೆರೆಯ ಸಿಗ್ನಲ್ಲಿನಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು ಗಂಟೆಗಟ್ಟಲೆ ಮಾತನಾಡುವವರ ತಲೆಗೆ ತಾಗುವ ತರಂಗವೇ ಹೆಚ್ಚು. ಘಟ್ಟದ ಕೆಳಗಿನ ಹಳ್ಳಿಗಳಲ್ಲಿ ಇರುವವರು ಸಿಗ್ನಲ್ ಕ್ಷೀಣವಾದಾಗ ಮಾತನ್ನು ಚುಟುಕಾಗಿಸಿ, ಇಲ್ಲವೇ ಸ್ಪೀಕರ್ ಹಾಕಿ, ಇಲ್ಲವೇ ತಂತಿಯ ಇಯರ್‌ಫೋನ್ ಬಳಸಿ. ಒಂದು ಗೇಣು ಅಂತರವೂ ಬಹಳ ವ್ಯತ್ಯಾಸ ಮಾಡುತ್ತದೆ.

ಹೊಸ ಫೋನು ಕೊಳ್ಳುವಾಗ ಸ್ಟಾರ್, ಹ್ಯಾಶ್, ಸೊನ್ನೆ, ಏಳು, ಹ್ಯಾಶ್ ಒತ್ತಿದರೆ ‘ಸಾರ್’ ಎಂಬ ಅಂಕಿ ತೋರುತ್ತದೆ. ನಮ್ಮ ದೇಶದಲ್ಲಿ ಅದು ಕಿಲೋಗ್ರಾಮಿಗೆ 1.6 ವ್ಯಾಟ್ ಮೀರಬಾರದು.

ವಿಕಿರಣ ತಡೆಯುವ ಸ್ಟಿಕ್ಕರುಗಳಿಗೆ ಹಣ ತೆರಬೇಡಿ. 2020ರಲ್ಲಿ ಗೋಮಯದ ಚಿಪ್ ಕೂಡ ಬಿಡುಗಡೆಯಾಯಿತು. ಪಂಚಗವ್ಯವನ್ನು ಔಷಧವಾಗಿ ಬಲ್ಲ ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ, ಇದಕ್ಕೆ ಆಧಾರವಿಲ್ಲ. ತರಂಗವನ್ನು ನಿಜವಾಗಿ ತಡೆಯುವ ವಸ್ತುವನ್ನು ಅಂಟಿಸಿದರೆ ಫೋನು ಮತ್ತಷ್ಟು ಶಕ್ತಿ ಹಾಕುತ್ತದೆ, ಅಷ್ಟೇ!

ನನ್ನ ಚಿಕಿತ್ಸಾಲಯಕ್ಕೆ ಮೊಬೈಲಿನಿಂದಾಗಿ ಬರುವವರ ಬಾಧೆ ಬೇರೆಯದು: ನಿದ್ರಾನಾಶ, ಕಣ್ಣುರಿ, ಕತ್ತುನೋವು. ಇಂದ್ರಿಯಗಳ ಅತಿಯೋಗವನ್ನು ಚರಕಸಂಹಿತೆ ರೋಗಕಾರಣಗಳಲ್ಲಿ ಎಣಿಸಿದೆ; ರಾತ್ರಿಯ ಜಾಗರಣೆಯಿಂದ ದೇಹದಲ್ಲಿ ರೂಕ್ಷತೆ ಹೆಚ್ಚಿ ವಾತ ಕೆರಳುತ್ತದೆ. ನಡುರಾತ್ರಿಯವರೆಗೆ ಪರದೆ ನೋಡಿದವರಿಗೆ ಬೆಳಗಿನ ಲಿಂಗಪೂಜೆಯಲ್ಲಿ ದೃಷ್ಟಿ ನಿಲ್ಲುವುದಾದರೂ ಹೇಗೆ? ಮಲಗುವ ಒಂದು ಗಂಟೆ ಮೊದಲು ಫೋನನ್ನು ಬೇರೆ ಕೋಣೆಯಲ್ಲಿಡಿ, ಅಂಗಾಲಿಗೆ ತುಸು ಎಳ್ಳೆಣ್ಣೆ ತಿಕ್ಕಿಕೊಳ್ಳಿ.

ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಮಾತ್ರ ಫೋನನ್ನು ಅಂಗಿಯ ಜೇಬಿನಲ್ಲಿ ಇಡಲೇಬಾರದು. ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ. ಮಾತನಾಡುವಾಗ ಎದುರು ಬದಿಯ ಕಿವಿಗೆ ಹಿಡಿಯಲಿ.