ದಿಗ್ಬಂಧನದ ಕಾಲದಲ್ಲಿ ಮರೆತ ಮಕ್ಕಳು

2020ನೆಯ ಇಸವಿ ಮಾರ್ಚ್ 24ರ ರಾತ್ರಿ, ಕೊರೋನಾ ಮಹಾಮಾರಿಯನ್ನು ತಡೆಯುವುದಕ್ಕಾಗಿ ಭಾರತ ಸರಕಾರವು ಕೇವಲ ನಾಲ್ಕು ಗಂಟೆಗಳ ಮುನ್ಸೂಚನೆಯನ್ನಿತ್ತು ದೇಶಕ್ಕೆಲ್ಲ ಲಾಕ್‌ಡೌನ್ ವಿಧಿಸಿದುದು ವಾಚಕರ ನೆನಪಿನಲ್ಲಿದೆಯಷ್ಟೆ. ಇಪ್ಪತ್ತೊಂದು ದಿನಗಳಿಗೆಂದು ಆರಂಭವಾದ ಆ ದಿಗ್ಬಂಧನವು ಮೇ 31ರ ವರೆಗೂ ಬೆಳೆಯಿತು. ಶಾಲೆಗಳ ಬೀಗವಂತೂ ಅಷ್ಟಕ್ಕೂ ತೆರೆಯಲಿಲ್ಲ. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದುದು 2021ನೆಯ ಅಕ್ಟೋಬರ್ 25ರಂದು. ರೋಗವನ್ನು ತಡೆಯಬೇಕಾದುದು ಅವಶ್ಯವೇ ಆಗಿದ್ದಿತು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಬೀಗದ ಭಾರವು ಎಲ್ಲ ಮಕ್ಕಳ ಮೇಲೂ ಸಮನಾಗಿ ಬೀಳಲಿಲ್ಲವೆಂಬುದನ್ನು ಇಂದಾದರೂ ಮನಗಾಣಬೇಕಾಗಿದೆ.

ಆಟಿಸಂ, ಅಪಸ್ಮಾರ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಚಿತ್ತಚಾಂಚಲ್ಯದ ಬಾಧೆ ಮೊದಲಾದವುಗಳಿಂದ ನರಳುವ ಮಕ್ಕಳಿಗೆ ಶಾಲೆಯು ಅಕ್ಷರ ಕಲಿಯುವ ಸ್ಥಳ ಮಾತ್ರವಲ್ಲ, ಚಿಕಿತ್ಸಾಲಯವೂ ಅಹುದು. ಮಾತಿನ ಅಭ್ಯಾಸ, ಅಂಗಸಾಧನೆ, ನಡವಳಿಕೆಯ ಶಿಕ್ಷಣ ಇವೆಲ್ಲವೂ ಅನೇಕರಿಗೆ ದೊರೆಯುವುದು ಅಲ್ಲಿಯೇ. ಆಟಿಸಂ ಉಳ್ಳ ಮಗುವಿಗೆ ದಿನಚರಿಯ ಕ್ರಮವೇ ಆಧಾರ. ಎಂದಿನ ಹೊತ್ತಿಗೆ ಎಂದಿನ ದಾರಿಯಲ್ಲಿ ನಡೆಯುವುದು ಒಮ್ಮೆಗೇ ನಿಂತುಹೋದರೆ, ಕಾರಣವನ್ನು ತಿಳಿಯಲಾರದ ಆ ಜೀವವು ಚೀರಾಟದಿಂದಲೋ ತನ್ನನ್ನು ತಾನೇ ಹೊಡೆದುಕೊಳ್ಳುವುದರಿಂದಲೋ ತನ್ನ ತಳಮಳವನ್ನು ಪ್ರಕಟಿಸುತ್ತದೆ. ಸೆರೆಬ್ರಲ್ ಪಾಲ್ಸಿಯುಳ್ಳ ಬೆಳೆಯುವ ಮಗುವಿಗೆ ಅಂಗಸಾಧನೆಯು ತಪ್ಪಿದರೆ ಸ್ನಾಯುಗಳು ಬಿಗಿದು ಕೀಲುಗಳು ಸೆಟೆಯುತ್ತವೆ. ಅರೆಕ್ಷಣ ಕುಳಿತಿರಲಾರದ ಬಾಲಕನು ಮೊಬೈಲಿನ ಪರದೆಯೆದುರು ಪಾಠ ಕೇಳುವುದೆಂತು? ಶಾಲೆಯ ಗದ್ದಲ, ಸಹಪಾಠಿಗಳ ಪರಿಹಾಸ್ಯ ಇವುಗಳಿಂದ ಬಿಡುಗಡೆ ಪಡೆದು ಮನೆಯಲ್ಲಿ ನೆಮ್ಮದಿ ಕಂಡ ಮಕ್ಕಳೂ ಕೆಲವರುಂಟು; ಅದು ನಮ್ಮ ಶಾಲೆಗಳಿಗೆ ಪಾಠವೇ ಹೊರತು ಬೀಗಕ್ಕೆ ಸಮರ್ಥನೆಯಲ್ಲ.

ಔಷಧದ ವಿಷಯವನ್ನು ನೋಡೋಣ. ಮಾರ್ಚ್ 25ರಂದು ಕೇಂದ್ರ ಸರಕಾರವು ದೂರವಾಣಿ ಮೊದಲಾದವುಗಳ ಮೂಲಕ ವೈದ್ಯರು ಸಲಹೆ ಕೊಡುವುದಕ್ಕೆ ನಿಯಮಗಳನ್ನು ಪ್ರಕಟಿಸಿದುದು ಸ್ತುತ್ಯವಾದ ಕಾರ್ಯ. ಆದರೆ ಮಾದಕದ್ರವ್ಯಗಳ ಕಾನೂನಿಗೆ ಒಳಪಟ್ಟ ಔಷಧಗಳನ್ನು ಹಾಗೆ ಬರೆದುಕೊಡಕೂಡದೆಂದು ಆ ನಿಯಮವು ವಿಧಿಸಿತು. ಅಪಸ್ಮಾರದ ಅನೇಕ ಮಕ್ಕಳು ಸೇವಿಸುವ ಕ್ಲೋಬಜಾಮ್, ಫೀನೋಬಾರ್ಬಿಟೋನ್ ಎಂಬುವು ಆ ಕಾನೂನಿಗೆ ಒಳಪಟ್ಟವುಗಳೇ. ಇವನ್ನು ಹಠಾತ್ತಾಗಿ ನಿಲ್ಲಿಸಿದರೆ ಸೆಳವು ಮರುಕಳಿಸಿ ಪ್ರಾಣಾಪಾಯವೂ ಸಂಭವಿಸಬಹುದು. ಕೆಲವು ತಿಂಗಳುಗಳ ಅನಂತರ ಈ ನಿರ್ಬಂಧವು ಸಡಿಲವಾಯಿತು. ಬಸ್ಸುಗಳಿಲ್ಲದ ಮೊದಲ ದಿನಗಳಲ್ಲಿಯೇ ಅದು ಆಗಬೇಕಾಗಿದ್ದಿತು.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 2016ನೆಯ ಅಂಗವಿಕಲರ ಹಕ್ಕುಗಳ ಅಧಿನಿಯಮದ 8ನೆಯ ಪ್ರಕರಣವು ವಿಪತ್ಕಾಲದಲ್ಲಿ ಇಂಥವರಿಗೆ ಸಮಾನ ರಕ್ಷಣೆಯನ್ನು ವಿಧಿಸುತ್ತದೆ. ಪರಿಚಾರಕರಿಗೆ ಸುಲಭವಾಗಿ ಪಾಸು ಕೊಡಬೇಕೆಂದು ಕೇಂದ್ರದ ಇಲಾಖೆಯು ಮಾರ್ಚಿಯಲ್ಲಿಯೇ ಸೂಚಿಸಿಯೂ ಇದ್ದಿತು. ಆದರೆ ದೆಹಲಿಯ ಸುತ್ತೋಲೆಯು ಊರಿನ ಚೌಕದಲ್ಲಿ ಲಾಠಿ ಹಿಡಿದು ನಿಂತ ಪೋಲೀಸಿನವನಿಗೆ ತಿಳಿಯದಿದ್ದರೆ ಆ ತಾಯಿಗೆ ಪ್ರಯೋಜನವೇನು? ಇಂಗ್ಲೆಂಡಿನಲ್ಲಿ ದಿನಕ್ಕೊಮ್ಮೆ ಮಾತ್ರ ವ್ಯಾಯಾಮಕ್ಕೆ ಹೊರಡಬಹುದೆಂಬ ಕಟ್ಟಳೆಯಿದ್ದಾಗ, ಆಟಿಸಂ ಉಳ್ಳವರು ಹೆಚ್ಚು ಸಲ ಹೊರಡಬಹುದೆಂದು 2020ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಲಾಯಿತು. ಅದೇ ತಿಂಗಳಿನಲ್ಲಿ ಫ್ರಾನ್ಸ್ ದೇಶವೂ ಅವರ ಮಟ್ಟಿಗೆ ನಿಯಮವನ್ನು ಸಡಿಲಿಸಿತು. ರೋಗಭಯವು ಅಲ್ಲಿಯೂ ಕಡಮೆಯಿರಲಿಲ್ಲ.

ಮುಂದೆ ಇಂಥ ವಿಪತ್ತು ಬಾರದೆಂದು ಯಾರೂ ಹೇಳಲಾರರು. ಬಾವಿ ತೋಡುವುದು ಮನೆಗೆ ಬೆಂಕಿ ಬಿದ್ದ ಮೇಲಲ್ಲ. ಆದುದರಿಂದ ಈ ಮಕ್ಕಳ ಚಿಕಿತ್ಸೆಯನ್ನು ಅತ್ಯವಶ್ಯ ಸೇವೆಗಳ ಪಟ್ಟಿಯಲ್ಲಿ ಈಗಲೇ ಸೇರಿಸಬೇಕು. ಗ್ರಾಮ ಪಂಚಾಯತಿಗಳ ಪುನರ್ವಸತಿ ಕಾರ್ಯಕರ್ತರ ಕೈಯಲ್ಲಿ ಇಂಥ ಮಕ್ಕಳ ಪಟ್ಟಿಯೂ, ಔಷಧವನ್ನು ಮನೆಗೆ ಮುಟ್ಟಿಸುವ ಏರ್ಪಾಡೂ ಇರಬೇಕು. ಅಂಗವಿಕಲತೆಯ ಗುರುತಿನ ಚೀಟಿಯೇ ಮಗುವಿಗೂ ಪೋಷಕರಿಗೂ ರಹದಾರಿಯಾಗಬೇಕು. ಇದಕ್ಕೆ ಬೇಕಾದುದು ಬೊಕ್ಕಸದ ಹಣಕ್ಕಿಂತ ಅಧಿಕಾರಿವರ್ಗದ ಮುಂದಾಲೋಚನೆ. ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳಲಾರದವರ ವಿಷಯದಲ್ಲಿ ಸರಕಾರವು ಅರ್ಜಿಗಾಗಿ ಕಾದು ಕುಳಿತಿರುವುದು ಧರ್ಮವಲ್ಲ.