ಕುಂಡಕ್ಕೆ ಬಣ್ಣ ಬಳಿಯಿರಿ, ಉಸಿರು ಕಟ್ಟಿಸಬೇಡಿ

ಮಣ್ಣಿನ ಕುಂಡಕ್ಕೆ ಬಣ್ಣ ಹಚ್ಚೋದು ಈಗ ನಮ್ಮ ವಯಸ್ಸಿನವರ ವೀಕೆಂಡ್ ಹವ್ಯಾಸ. ವಾರವಿಡೀ ಲ್ಯಾಪ್‌ಟಾಪ್ ನೋಡಿ ದಣಿದವರಿಗೆ ಎರಡು ಗಂಟೆ ಕುಂಚ ಹಿಡಿದು ಕೂರೋದೇ ಒಂದು ಸುಖ. ಖರ್ಚೂ ಕಮ್ಮಿ. ಆದರೆ ರೀಲ್ಸ್‌ನಲ್ಲಿ ಫಳಫಳ ಹೊಳೆಯುವ ಕುಂಡದಲ್ಲಿ ಆರು ತಿಂಗಳಾದ ಮೇಲೆ ಗಿಡ ಹೇಗಿದೆ ಅಂತ ಯಾರೂ ತೋರಿಸಲ್ಲ. ಕೊಳ್ಳೇಗಾಲದ ನಮ್ಮ ಮನೆ ಮಹಡಿಯಲ್ಲಿ ಕೆಲವು ವರ್ಷಗಳಿಂದ ಕುಂಡಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ಎಷ್ಟು ಬಣ್ಣ, ಎಲ್ಲಿ ಬಣ್ಣ ಅನ್ನೋದು ಗಿಡವನ್ನು ನೋಡಿ ತೀರ್ಮಾನಿಸಬೇಕು ಅನ್ನೋದೇ ನನ್ನ ಅನುಭವದ ಮಾತು.

ಮಣ್ಣು ಬೆವರಬೇಕು

ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಮಡಕೆ ನೀರು ತಣ್ಣಗಿರೋದು ಇದರಿಂದಲೇ. ನೀರು ಗೋಡೆಯಿಂದ ಹೊರಗೆ ಜಿನುಗಿ ಆವಿಯಾಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಹೂಕುಂಡದಲ್ಲೂ ಇದೇ ಕೆಲಸ ನಡೆಯುತ್ತದೆ. ಹೆಚ್ಚಾದ ತೇವ ಹೊರಗೆ ಹೋಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ.

ಸಂತೆಯಲ್ಲಿ ಕುಂಡ ಮಾರುವ ಅಮ್ಮ ಒಬ್ಬರು ನನಗೆ ಇದನ್ನು ಒಂದೇ ಸಾಲಲ್ಲಿ ಹೇಳಿದ್ದರು: "ಒಳಗಡೆ ಬಳೀಬ್ಯಾಡ ಕನವ್ವ, ಮಣ್ಣು ಬೆವರಬೇಕು."

ಗೃಹಪ್ರವೇಶಕ್ಕೆ ನಮಗೊಂದು ಉಡುಗೊರೆ ಕುಂಡ ಬಂದಿತ್ತು. ಅಂಗಡಿಯವರು ಒಳಗೂ ಹೊರಗೂ ದಪ್ಪಗೆ ಎನಾಮಲ್ ಬಳಿದಿದ್ದರು, ತಳದ ತೂತೂ ಅರ್ಧ ಮುಚ್ಚಿಹೋಗಿತ್ತು. ಅದರಲ್ಲಿದ್ದ ತುಳಸಿ ಮಳೆಗಾಲ ಮುಗಿಯುವುದರೊಳಗೆ ಬೇರು ಕೊಳೆತು ಹೋಯಿತು. ನೋಡೋಕೆ ಮಾತ್ರ ಕುಂಡ ಕೊನೇವರೆಗೂ ಚೆಂದವಾಗೇ ಇತ್ತು.

ಯಾವ ಗಿಡಕ್ಕೆ ಎಷ್ಟು ಬಣ್ಣ?

ಹಾಗಂತ ಬಣ್ಣವೇ ಶತ್ರು ಅಲ್ಲ. ಹೊರಗೋಡೆಗೆ ಬಣ್ಣ ಬಿದ್ದರೆ ತೇವ ಆರೋದು ನಿಧಾನವಾಗುತ್ತದೆ. ಕೊಳ್ಳೇಗಾಲ, ಹನೂರಿನ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರಲ್ಲ. ಪುದೀನ, ಮನಿಪ್ಲಾಂಟ್, ಜರೀಗಿಡದಂಥ ನೀರು ಬೇಡುವ ಗಿಡಗಳಿಗೆ ಹೊರಗಡೆ ಪೂರ್ತಿ ಬಣ್ಣ ಬಳಿದ ಕುಂಡ ಅನುಕೂಲವೇ. ಲೋಳೆಸರ, ಕಳ್ಳಿ, ತುಳಸಿಗೆ ಮಾತ್ರ ಗೋಡೆಯ ಬಹುಪಾಲು ಬರಿ ಮಣ್ಣಾಗಿಯೇ ಇರಲಿ. ಕಂಠದ ಸುತ್ತ ಒಂದು ಪಟ್ಟಿ, ನಡುವೆ ಒಂದು ಬಳ್ಳಿ ಬರೆದರೆ ಸಾಕು. ಪೂರ್ತಿ ಬಣ್ಣದ ಕುಂಡವೇ ಬೇಕು ಅನ್ನೋರು ಗಿಡವನ್ನು ತೂತಿರುವ ಪ್ಲಾಸ್ಟಿಕ್ ಪಾಟ್‌ನಲ್ಲಿ ನೆಟ್ಟು, ಅದನ್ನು ಬಣ್ಣದ ಕುಂಡದೊಳಗೆ ಇಳಿಸಿಡಿ.

ಹಚ್ಚುವ ಕ್ರಮ

ಮೊದಲು ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ಡಬ್ ಅಂದರೆ ಬಿಟ್ಟುಬಿಡಿ. ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ನಾದಕ್ಕೆ ಶಿವನೇ ಕುಣಿದ ಕಥೆ ಹರಿಹರನ ರಗಳೆಯಲ್ಲಿದೆಯಲ್ಲ, ಆ ನಾದ ಇವತ್ತಿಗೂ ಒಳ್ಳೇ ಕುಂಡದ ಗುರುತು.

* ಹೊಸ ಕುಂಡವನ್ನು ನೀರಲ್ಲಿ ನೆನೆಸಿ, ಬ್ರಷ್‌ನಿಂದ ಧೂಳು ತಿಕ್ಕಿ, ಎರಡು ಮೂರು ದಿನ ಪೂರ್ತಿ ಒಣಗಿಸಿ. ಒಳಗೆ ತೇವ ಉಳಿದರೆ ಬಣ್ಣ ಗುಳ್ಳೆ ಏಳುತ್ತದೆ.
* ಹಳೇ ಕುಂಡದ ಮೇಲಿನ ಬಿಳಿ ಪುಡಿ ನೀರು, ಗೊಬ್ಬರದ ಲವಣ. ವಿನೆಗರ್ ಬೆರೆಸಿದ ನೀರಿನಿಂದ ಉಜ್ಜಿ ತೊಳೆಯಿರಿ. ಅದರ ಮೇಲೇ ಬಣ್ಣ ಹಚ್ಚಿದರೆ ನಿಲ್ಲಲ್ಲ.
* ಸಣ್ಣ ಉಪ್ಪುಕಾಗದದಿಂದ ಹೊರಮೈ ಸವರಿ, ಒಣಬಟ್ಟೆಯಲ್ಲಿ ಒರೆಸಿ.
* ಅಕ್ರಿಲಿಕ್ ಅಥವಾ ಗೋಡೆಯ ಎಕ್ಸ್‌ಟೀರಿಯರ್ ಎಮಲ್ಷನ್ ತೆಳುವಾಗಿ ಎರಡು ಕೋಟ್ ಹಚ್ಚಿ. ಮೊದಲನೆಯದು ಒಣಗಿದ ಮೇಲೇ ಎರಡನೆಯದು. ಎನಾಮಲ್ ಬೇಡ. ಒಳಗಿನ ತೇವ ತಳ್ಳಿದಾಗ ಅದು ಸಿಪ್ಪೆಯ ಹಾಗೆ ಏಳುತ್ತದೆ.
* ಒಳಮೈ, ತಳ, ತಳದಿಂದ ಎರಡು ಇಂಚು ಎತ್ತರ ಹಾಗೇ ಬಿಡಿ.
* ಬಣ್ಣ ಕೆಲವು ದಿನ ಗಟ್ಟಿಯಾಗಲಿ, ಆಮೇಲೆ ಗಿಡ ನೆಡಿ.

ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಈ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿವರೆಗಿನ ಒಣ ದಿನಗಳೇ ಸರಿ.

ಸುಣ್ಣ, ಕಾವಿ ಇದ್ದೇ ಇದೆ

ಮಣ್ಣಿನ ಪಾತ್ರೆಗೆ ಬಣ್ಣ ಬರೆಯೋದು ರೀಲ್ಸ್ ಕಾಲದ ಐಡಿಯಾ ಏನಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ, ಕೆಂಗಂದು ಲೇಪದ ಮೇಲೆ ಬಿಳಿ ಗೆರೆ ಕಾಣುವ ಸುಮಾರು 2000 ವರ್ಷ ಹಿಂದಿನ ಮಡಕೆ ಚೂರುಗಳು ಸಿಕ್ಕವು. ಇನ್ನು ನಮ್ಮ ಸೀಮೆಯ ಹಲವು ಸಮುದಾಯಗಳ ಮದುವೆಗಳಲ್ಲಿ ಅರಿವೇಣಿ ಶಾಸ್ತ್ರ ಇದೆಯಲ್ಲ! ವಾದ್ಯದ ಜೊತೆ ಕುಂಬಾರರ ಮನೆಗೆ ಹೋಗಿ, ತಾಂಬೂಲ ಕೊಟ್ಟು, ಸುಣ್ಣದ ಚಿತ್ತಾರದ ಮಡಕೆಗಳನ್ನು ಮದುವೆ ಮನೆಗೆ ತರುವುದು. ಕೆಲವು ಕಡೆ ಇದನ್ನೇ ಐರಣೆ ಅಂತಾರೆ.

ಗಿಡಕ್ಕೂ ಈ ಹಳೇ ಬಣ್ಣಗಳೇ ಹಿತ. ಸುಣ್ಣವೂ ಕಾವಿಯೂ ಮಣ್ಣಿನ ರಂಧ್ರವನ್ನು ಅಕ್ರಿಲಿಕ್‌ನಷ್ಟು ಮುಚ್ಚಲ್ಲ. ಕಾವಿಯ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್, ಸುಟ್ಟ ಮಣ್ಣಿನ ಕೆಂಪಿಗೂ ಅದೇ. ಅದಕ್ಕೇ ಎರಡೂ ಅಷ್ಟು ಚೆನ್ನಾಗಿ ಹೊಂದುತ್ತವೆ. ಸುಣ್ಣವನ್ನು ನೀರಲ್ಲಿ ಕಲಸಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಚೂರು ಗೋಂದು ಸೇರಿಸಿದರೆ ಬಣ್ಣ ರೆಡಿ. ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಗಟ್ಟಿಯಾಗುತ್ತದೆ. ಸುಣ್ಣ ಸುಡುತ್ತದೆ, ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಮಳೆಗೆ ಮಾಸುತ್ತದೆ ನಿಜ. ವರ್ಷಕ್ಕೊಮ್ಮೆ ಮನೆಗೆ ಸುಣ್ಣ ಬಳಿದ ಹಾಗೆ ಇದಕ್ಕೂ ಬಳಿದರಾಯಿತು.

ಡಿಸೈನ್ ಊರಲ್ಲೇ ಇದೆ

ಎಲ್ಲರ ಕುಂಡದ ಮೇಲೂ ಅದೇ ವಾರ್ಲಿ, ಅದೇ ಮಂಡಲ ಯಾಕೆ? ಕೊಳ್ಳೇಗಾಲದ ರೇಷ್ಮೆ ಸೀರೆಯ ಅಂಚು ಕುಂಡದ ಕಂಠಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಯಳಂದೂರಿನ ಬಳೆಮಂಟಪಕ್ಕೆ ಹೋದರೆ ಮೂಲೆಯಲ್ಲಿ ಇಳಿಬಿಟ್ಟ ಕಲ್ಲಿನ ಬಳೆಗಳ ಸರಪಳಿ ನೋಡಿ, ಒಂದಕ್ಕೊಂದು ಕೋದ ಆ ವೃತ್ತಗಳನ್ನು ಬರೆಯೋದು ಹೊಸಬರಿಗೂ ಸುಲಭ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಇದೆ, ಅದರ ಹೂವನ್ನು ನಾಲ್ಕೇ ಎಳೆಯಲ್ಲಿ ಬರೆಯಬಹುದು. ಹನೂರು ಕಡೆಯವರಿಗೆ ಮಾದಪ್ಪನ ಹುಲಿಯ ಪಟ್ಟೆ, ಕಂಸಾಳೆಯ ದುಂಡು ತಾಳ ಇದ್ದೇ ಇವೆ.

ಒಂದು ಮಾತು, ಕೊಳ್ಳುವ ಮುಂಚೆ

ಮೂರು ತಾಲ್ಲೂಕಿನ ಸಂತೆ, ಜಾತ್ರೆಗಳಲ್ಲೂ ಮಣ್ಣಿನ ಕುಂಡಕ್ಕೆ ಪ್ಲಾಸ್ಟಿಕ್ ಪಾಟೇ ಎದುರಾಳಿ. ಜೇಡಿಮಣ್ಣು ತಂದು, ತುಳಿದು, ತಿಗರಿ ಮೇಲೆ ತಿರುಗಿಸಿ, ಆವಿಗೆಯಲ್ಲಿ ಸುಡುವಷ್ಟರಲ್ಲಿ ಎಷ್ಟೋ ಕುಂಡ ಒಡೆದುಹೋಗಿರುತ್ತವೆ. ನೂರಾರು ರೂಪಾಯಿಯ ಬಣ್ಣ, ಕುಂಚವನ್ನು ಆನ್‌ಲೈನ್‌ನಲ್ಲಿ ಮಾತಿಲ್ಲದೆ ಕೊಂಡು, ಕುಂಡದ ಮುಂದೆ ಮಾತ್ರ ಹತ್ತು ರೂಪಾಯಿಗೆ ಚೌಕಾಸಿ ಮಾಡೋದು ನ್ಯಾಯವಲ್ಲ. ಸಾಧ್ಯವಾದರೆ ನೇರ ಕುಂಬಾರರ ಮನೆಗೇ ಹೋಗಿ, ಬೇಕಾದ ಅಳತೆ ಹೇಳಿ, ತಳಕ್ಕೆ ತೂತು ಹಾಕಿಸಿ, ಒಟ್ಟಿಗೆ ನಾಲ್ಕು ಕುಂಡ ತನ್ನಿ. ಸುಣ್ಣದ ಗೆರೆ ಹೇಗೆ ಎಳೀತಿದ್ದರು ಅಂತ ಆ ಮನೆಯ ಹಿರಿಯರನ್ನು ಕೇಳಿನೋಡಿ. ಅವರು ತೋರಿಸಿಕೊಟ್ಟ ಹಾಗೆ ಮೊದಲ ಕುಂಡ ಬರೆಯಿರಿ.