ಹಾಸು, ಹೊಕ್ಕು ಮತ್ತು ಬಿಗಿ

ಯಾವುದಾದರೂ ಸಂಗತಿ ನಮ್ಮ ಬದುಕಿನಲ್ಲಿ ಬಿಡಿಸಲಾಗದಂತೆ ಬೆರೆತಿದ್ದರೆ 'ಹಾಸುಹೊಕ್ಕಾಗಿದೆ' ಎನ್ನುತ್ತೇವೆ. ಮಾತು ಬಂದದ್ದು ನೇಕಾರಿಕೆಯಿಂದ. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳು ಹಾಸು. ಅವುಗಳ ನಡುವೆ ಲಾಳಿಯೊಡನೆ ಅಡ್ಡಲಾಗಿ ನುಗ್ಗುವ ಎಳೆ ಹೊಕ್ಕು. ಆದರೆ ನೇಕಾರರ ಕೆಲಸದಲ್ಲಿ ಇವೆರಡರಷ್ಟೇ ಮುಖ್ಯವಾದ ಮೂರನೆಯದೊಂದಿದೆ, ಅದು ಎಳೆಯ ಬಿಗಿ. ನಮ್ಮ ನುಡಿಗಟ್ಟಿನಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಮಗ್ಗ ಯಂತ್ರವಾದ ಕಥೆಯನ್ನು ಹೇಳುವವರೂ ಲಾಳಿಯ ಓಟವನ್ನೇ ಹೆಚ್ಚಾಗಿ ವರ್ಣಿಸುತ್ತಾರೆ. ನಿಜಕ್ಕೂ ಲಾಳಿಯನ್ನು ಓಡಿಸುವುದು ಬೇಗ ಬಗೆಹರಿದ ಸಮಸ್ಯೆ. ಬಿಗಿಯನ್ನು ಕಾಯುವ ಕೆಲಸವನ್ನು ಯಂತ್ರ ಕಲಿತದ್ದು ಬಹಳ ತಡವಾಗಿ.

ಈ ಬಿಗಿ ಎಷ್ಟೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಅಂಗಿ ಬಟ್ಟೆಯೊಂದರ ಅಗಲದಲ್ಲಿ 4000 ಹಾಸಿನ ಎಳೆಗಳಿವೆ ಎಂದುಕೊಳ್ಳೋಣ. ಒಂದೊಂದು ಎಳೆಯ ಮೇಲೆ ಬೀಳುವ ಎಳೆತ ಬರೀ 20 ಗ್ರಾಂ ಎಂದಿಟ್ಟುಕೊಂಡರೂ ಒಟ್ಟು 80 ಕಿಲೋ ಆಯಿತು. ಒಬ್ಬ ಗಟ್ಟಿ ಆಳು ಸದಾ ಆ ಹಾಸಿಗೆ ಜೋತುಬಿದ್ದಂತೆ. ಈ ಎಳೆತ ಒಂದೇ ಸಮನಾಗಿಯೂ ಇರುವುದಿಲ್ಲ. ಲಾಳಿಗೆ ದಾರಿ ಬಿಡಲು ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ, ಎರಡೂ ಹಿಗ್ಗುತ್ತವೆ. ಹಣಿಗೆ ಬಂದು ಹೊಕ್ಕನ್ನು ಬಡಿದಾಗ ಬಿಗಿ ಒಮ್ಮೆಲೇ ಏರಿ ಮತ್ತೆ ಇಳಿಯುತ್ತದೆ. ಹಾಸನ್ನು ಸುತ್ತಿಟ್ಟ ಉರುಳೆಗೆ ನೇಕಾರರು ಬೀಮು ಎನ್ನುತ್ತಾರೆ. ಬೀಮಿನಿಂದ ಬಟ್ಟೆಯ ಅಂಚಿನವರೆಗೆ ಒಂದೂವರೆ ಮೀಟರ್ ದೂರವಿದ್ದು, ಸೆಂಟಿಮೀಟರಿಗೆ 20 ಹೊಕ್ಕು ಬೀಳುತ್ತಿದ್ದರೆ, ನೂಲಿನ ಒಂದೊಂದು ಬಿಂದುವೂ ಬಟ್ಟೆಯೊಳಗೆ ಸೇರುವ ಮೊದಲು 3000 ಸಲ ಹೀಗೆ ಹಿಗ್ಗಿ ಕುಗ್ಗಬೇಕು.

ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ. ಕಡಿಮೆಯಾದರೆ ಎಳೆಗಳು ಜೋಲುಬಿದ್ದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಲಾಳಿಯ ದಾರಿ ಸ್ವಚ್ಛವಾಗಿ ತೆರೆಯುವುದಿಲ್ಲ, ಲಾಳಿ ಎಳೆಗಳನ್ನು ಕತ್ತರಿಸಿಕೊಂಡು ಹೋಗುತ್ತದೆ ಅಥವಾ ಮಗ್ಗದಿಂದಲೇ ಹೊರಕ್ಕೆ ಹಾರುತ್ತದೆ. ಹಾರಿಬಂದ ಲಾಳಿಯ ಲೋಹದ ಮೂತಿ ತಗಲಿ ಗಾಯಗೊಂಡವರು ಗಿರಣಿಗಳ ಚರಿತ್ರೆಯಲ್ಲಿ ಕಡಿಮೆಯೇನಿಲ್ಲ. ಇನ್ನು ಬಿಗಿ ಹೆಚ್ಚು ಕಡಿಮೆಯಾಗುತ್ತಾ ಹೋದರೆ ಯಾವುದೂ ಹರಿಯದಿದ್ದರೂ ಬಟ್ಟೆಯಲ್ಲಿ ತೆಳು, ದಪ್ಪ ಪಟ್ಟೆಗಳು ಮೂಡುತ್ತವೆ.

ಪ್ರಾಚೀನರು ಇದಕ್ಕೆ ಕಂಡುಕೊಂಡ ಉಪಾಯಗಳು ಸರಳವಾದವು. ಗ್ರೀಸಿನಲ್ಲಿ ಮಗ್ಗವನ್ನು ನೆಟ್ಟಗೆ ನಿಲ್ಲಿಸಿ ಹಾಸಿನ ಎಳೆಗಳನ್ನು ಮೇಲಿನಿಂದ ಇಳಿಬಿಟ್ಟು, ಕೆಳಗೆ ಗುಂಪುಗುಂಪಾಗಿ ಮಣ್ಣಿನ ಗುಂಡುಗಳನ್ನು ಕಟ್ಟುತ್ತಿದ್ದರು. ಕ್ರಿಸ್ತಪೂರ್ವ ಆರನೆಯ ಶತಮಾನದ ಗ್ರೀಕ್ ಹೂಜಿಯೊಂದರ ಮೇಲೆ ಹೆಂಗಸರು ಅಂಥ ಮಗ್ಗದ ಮುಂದೆ ನಿಂತು ನೇಯುವ ಚಿತ್ರವಿದೆ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಮಣ್ಣಿನ ಗುಂಡಿನ ತೂಕ ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಹೀಗಾಗಿ ಬಿಗಿ ತಾನಾಗಿಯೇ ಒಂದೇ ಸಮನಿರುತ್ತಿತ್ತು. ನಮ್ಮ ನಾಗಾಲ್ಯಾಂಡ್, ಮಣಿಪುರಗಳ ಸೊಂಟದ ಮಗ್ಗದಲ್ಲಿ ಗುಂಡುಗಳ ಬದಲು ನೇಯುವವಳ ದೇಹವೇ ಇದೆ. ಹಾಸಿನ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಅವಳ ಬೆನ್ನಿನ ಪಟ್ಟಿಗೆ. ಅವಳು ಹಿಂದಕ್ಕೆ ಒರಗಿದರೆ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ.

ದಕ್ಷಿಣದ ಕುಣಿಮಗ್ಗದಲ್ಲಿ ಉದ್ದನೆಯ ಹಾಸನ್ನು ಮುಂದಕ್ಕೆ ಚಾಚಿ, ಅದರ ಕೊನೆಯನ್ನು ಹಗ್ಗಕ್ಕೆ ಬಿಗಿದು, ಆ ಹಗ್ಗವನ್ನು ಕಂಬವೊಂದಕ್ಕೆ ಬಳಸಿ ಮತ್ತೆ ನೇಕಾರನ ಪಕ್ಕದ ಗೂಟಕ್ಕೆ ತಂದು ಕಟ್ಟುವ ಪದ್ಧತಿ ಇತ್ತು. ಕುಳಿತಲ್ಲಿಂದಲೇ ಅವನು ಗೇಣು ಗೇಣಾಗಿ ಹಗ್ಗ ಸಡಿಲಿಸಿ ಹಾಸನ್ನು ತನ್ನತ್ತ ಬರಮಾಡಿಕೊಳ್ಳುತ್ತಿದ್ದ. ಎಷ್ಟು ಸಡಿಲಿಸಬೇಕೆಂಬುದಕ್ಕೆ ಅಳತೆಗೋಲು ಇರಲಿಲ್ಲ. ಅಂಗೈಯನ್ನು ಹಾಸಿನ ಮೇಲೆ ಒತ್ತಿ ನೋಡುವುದು, ಹಣಿಗೆ ಬಡಿದಾಗ ಬರುವ ಸದ್ದನ್ನು ಆಲಿಸುವುದು, ತುಳಿಹಲಗೆ ಕಾಲಿಗೆ ಎಷ್ಟು ಭಾರವಾಗಿದೆ ಎಂದು ಗಮನಿಸುವುದು, ಇಷ್ಟೇ. ಕುಣಿ ತೋಡಿದ್ದು ಕಾಲಿಳಿಬಿಡಲು ಮಾತ್ರವಲ್ಲ. ನೆಲದ ತಂಪು ಹಾಸಿಗೆ ತಾಗಿದರೆ ಹತ್ತಿ ನೂಲು ಸುಲಭವಾಗಿ ಹರಿಯುವುದಿಲ್ಲ. ಹತ್ತಿಯ ಗುಣವೇ ಅದು, ತೇವದಲ್ಲಿ ಅದಕ್ಕೆ ಬಲ ಹೆಚ್ಚು.

ಇಂಗ್ಲೆಂಡಿನ ಪಾದ್ರಿ ಎಡ್ಮಂಡ್ ಕಾರ್ಟ್‌ರೈಟ್ 1785ರಲ್ಲಿ ಯಂತ್ರದ ಮಗ್ಗಕ್ಕೆ ಪೇಟೆಂಟ್ ಪಡೆದಾಗ ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ಅಲ್ಲಿಯವರೆಗೆ ನೇಕಾರನೊಬ್ಬ ಕೆಲಸ ಮಾಡುವುದನ್ನೇ ನೋಡಿರಲಿಲ್ಲವಂತೆ. ಅವನ ಮೊದಲ ಯಂತ್ರದಲ್ಲಿ ಹಣಿಗೆ ಇಪ್ಪತ್ತೈದು ಕಿಲೋದಷ್ಟು ಭಾರದಿಂದ ಬೀಳುತ್ತಿತ್ತು, ಅದನ್ನು ಸ್ವಲ್ಪ ಹೊತ್ತು ನಡೆಸಲು ಇಬ್ಬರು ಬಲಿಷ್ಠರು ಬೇಕಾಗಿದ್ದರು. ಪೇಟೆಂಟ್ ಪಡೆದ ಮೇಲೆ ಹೋಗಿ ನೇಕಾರರನ್ನು ನೋಡಿ, ಅವರ ಕೆಲಸ ಎಷ್ಟು ಹಗುರವಾಗಿ ನಡೆಯುತ್ತದೆಂದು ಬೆರಗಾದ. 1787ರ ಹೊತ್ತಿಗೆ ಯಂತ್ರವನ್ನು ತಿದ್ದಿದ. ಆದರೂ ತೊಡಕು ಉಳಿಯಿತು. ಕೈಮಗ್ಗದವನು ಹಾಸಿಗೆ ಆಗಾಗ ಗಂಜಿ ಸವರಿ ಎಳೆಗಳನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದ. ಯಂತ್ರಕ್ಕೂ ಹಾಗೆ ಗಂಜಿ ಸವರಲು ಪಕ್ಕದಲ್ಲೊಬ್ಬ ಆಳು ನಿಲ್ಲಬೇಕಾದರೆ ಉಳಿತಾಯವೆಲ್ಲಿ? ಇಡೀ ಹಾಸಿಗೆ ಮೊದಲೇ ಗಂಜಿ ಹಾಕಿ ಒಣಗಿಸಿ ಸುತ್ತುವ ಯಂತ್ರವನ್ನು ಸ್ಟಾಕ್‌ಪೋರ್ಟಿನ ರಾಡ್‌ಕ್ಲಿಫ್ ಮತ್ತು ಜಾನ್ಸನ್ 1803ರ ಸುಮಾರಿಗೆ ಸಿದ್ಧಪಡಿಸಿದ ಮೇಲೆಯೇ ಯಂತ್ರದ ಮಗ್ಗಕ್ಕೆ ದಾರಿ ತೆರೆಯಿತು.

ಇನ್ನು ಬಿಗಿಯ ವಿಷಯ. ಗಿರಣಿಗಳು ಆರಿಸಿಕೊಂಡ ಉಪಾಯವನ್ನು ಸಾದಾ ವಿದ್ಯುತ್ ಮಗ್ಗಗಳಲ್ಲಿ ಇವತ್ತಿಗೂ ನೋಡಬಹುದು. ಬೀಮಿನ ಎರಡೂ ತುದಿಯಲ್ಲಿ ಹಗ್ಗವನ್ನೋ ಸರಪಣಿಯನ್ನೋ ಒಂದೆರಡು ಸುತ್ತು ಸುತ್ತಿ, ಅದರ ಕೊನೆಯನ್ನು ಒಂದು ಸನ್ನೆಗೋಲಿಗೆ ಕಟ್ಟಿ, ಸನ್ನೆಗೋಲಿನ ಮೇಲೆ ಕಬ್ಬಿಣದ ತೂಕ ತೂಗುಹಾಕಿರುತ್ತಾರೆ. ಬಟ್ಟೆ ಮುಂದೆ ಸಾಗಿದಂತೆ ಹಾಸು ಬೀಮನ್ನು ಎಳೆಯುತ್ತದೆ, ಹಗ್ಗದ ಉಜ್ಜಾಟ ಅದನ್ನು ತಡೆಯುತ್ತದೆ. ಈ ಎಳೆದಾಟದಲ್ಲಿ ಬಿಗಿ ಹುಟ್ಟುತ್ತದೆ. ಇಷ್ಟು ಸಣ್ಣ ತೂಕ ಅಷ್ಟು ದೊಡ್ಡ ಬೀಮನ್ನು ಹೇಗೆ ತಡೆಯುತ್ತದೆ ಎಂದು ಅನುಮಾನ ಬರಬಹುದು. ಬೆದರಿ ಓಡುವ ಹೋರಿಯ ಹಗ್ಗವನ್ನು ಬರಿಗೈಯಲ್ಲಿ ಹಿಡಿದರೆ ಆಳನ್ನೇ ಎಳೆದೊಯ್ಯುತ್ತದೆ. ಅದೇ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಸಣ್ಣ ಹುಡುಗನೂ ಹಿಡಿದು ನಿಲ್ಲಿಸಬಲ್ಲ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಲ್ಲ, ಗುಣಿಸುತ್ತಾ ಹೋಗುತ್ತದೆ.

ಉಪಾಯ ಅಗ್ಗದ್ದು, ಕೆಟ್ಟರೆ ಯಾರು ಬೇಕಾದರೂ ಸರಿಪಡಿಸಬಹುದು. ಆದರೆ ಅದರಲ್ಲೊಂದು ಹುಳುಕಿದೆ. ಬಾಗಿಲನ್ನು ಹಿಡಿಕೆಯ ಬಳಿ ತಳ್ಳಿದರೆ ಸಲೀಸು, ತಿರುಗಣಿಯ ಹತ್ತಿರ ತಳ್ಳಿದರೆ ಕಷ್ಟ. ಬೀಮಿನದೂ ಅದೇ ನ್ಯಾಯ. ನೂಲು ತುಂಬಿದ್ದಾಗ ಎಳೆ ಹೊರಸುತ್ತಿನಿಂದ ಎಳೆಯುತ್ತದೆ, ಬೀಮು ಸುಲಭವಾಗಿ ತಿರುಗುತ್ತದೆ. ನೂಲು ಮುಗಿಯುತ್ತಾ ಬಂದಂತೆ ನಡುಗಂಬದ ಹತ್ತಿರದಿಂದ ಎಳೆಯಬೇಕು. ತುಂಬಿದ ಬೀಮಿನ ಅಡ್ಡಳತೆ 20 ಅಂಗುಲವಿದ್ದು ಖಾಲಿ ಬೀಮಿನದು 5 ಅಂಗುಲವಾದರೆ, ತೂಕವನ್ನು ಮುಟ್ಟದೆ ಬಿಟ್ಟಲ್ಲಿ ಕೊನೆಯ ಗಜಗಳ ಹೊತ್ತಿಗೆ ಬಿಗಿ ನಾಲ್ಕು ಪಟ್ಟಾಗಿರುತ್ತದೆ. ಆದ್ದರಿಂದ ನೇಕಾರ ದಿನಕ್ಕೆ ಹಲವು ಸಲ ಮಗ್ಗದ ಹಿಂದಕ್ಕೆ ಹೋಗಿ ತೂಕವನ್ನು ಸನ್ನೆಗೋಲಿನ ಮೇಲೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಸಬೇಕು. ಮಳೆಗಾಲದಲ್ಲಿ ಹಗ್ಗ ಉಬ್ಬಿ ಹಿಡಿತ ಬದಲಾಗುತ್ತದೆ. ಅದಕ್ಕೂ ಲೆಕ್ಕ ಇಡಬೇಕು. ಸರಪಣಿ ಹಿಡಿದು ಹಿಡಿದು ಬಿಟ್ಟರೆ ಬೀಮು ಜರ್ಕು ಹೊಡೆಯುತ್ತದೆ, ಬಟ್ಟೆಯಲ್ಲಿ ಗೆರೆ ಬೀಳುತ್ತದೆ. ಯಂತ್ರ ನೇಯುತ್ತದೆ ಎಂದು ನಾವು ಹೇಳುತ್ತೇವೆ. ಬಿಗಿಯ ಮಟ್ಟಿಗೆ ನೇಯುತ್ತಿದ್ದವನು ಮನುಷ್ಯನೇ, ಅವನನ್ನು ಕುಣಿಯಿಂದ ಎಬ್ಬಿಸಿ ಮಗ್ಗದ ಹಿಂದೆ ಓಡಾಡಿಸಿದ್ದಷ್ಟೇ ಬದಲಾವಣೆ. ಮೇಲಾಗಿ ಅವನ ಮುಂದೆ ಒಂದಲ್ಲ, ಹಲವು ಮಗ್ಗಗಳು. ಗಜದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಬಟ್ಟೆಯಲ್ಲಿ ಬಿದ್ದ ಪಟ್ಟೆ ಎಂದರೆ ಕೂಲಿಯಲ್ಲಿ ಕಡಿತ. ಲಂಕಾಶೈರಿನಲ್ಲೂ ಹಾಗೆಯೇ ಇತ್ತು, ಇಲ್ಲೂ ಹಾಗೆಯೇ.

ಲಂಕಾಶೈರಿನವರು ಬೆಲೆ ತೆತ್ತದ್ದು ಕೂಲಿಯಲ್ಲಿ ಮಾತ್ರವಲ್ಲ. ಎಳೆ ಬಿಗಿಯನ್ನು ತಾಳಿಕೊಳ್ಳಲೆಂದು ಗಿರಣಿ ಮಾಲೀಕರು ನೇಯುವ ಕೋಣೆಯೊಳಕ್ಕೆ ಹಬೆ ಬಿಡತೊಡಗಿದರು. ಅಮೆರಿಕದ ಅಂತರ್ಯುದ್ಧದಿಂದ 1860ರ ದಶಕದಲ್ಲಿ ಒಳ್ಳೆಯ ಹತ್ತಿಗೆ ಬರ ಬಂದಾಗ ಕಳಪೆ ನೂಲಿಗೆ ಬಿಳಿಜೇಡಿ ಬೆರೆಸಿದ ಗಂಜಿಯನ್ನು ದಪ್ಪಗೆ ಬಳಿಯುವುದು ಹೆಚ್ಚಾಯಿತು. ಅಂಥ ನೂಲಿಗೆ ಹಬೆ ಇನ್ನೂ ಹೆಚ್ಚು ಬೇಕು. ಕೆಲಸಗಾರರು ಒದ್ದೆ ಬಟ್ಟೆಯಲ್ಲಿ ಬೆವರುತ್ತಾ ದುಡಿದು ಚಳಿಗೆ ಹೊರಬೀಳುತ್ತಿದ್ದರು. ದೂರುಗಳು ಬಹುಕಾಲ ನಡೆದ ಮೇಲೆ 1889ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗಿರಣಿಯ ಗಾಳಿಯಲ್ಲಿ ಎಷ್ಟು ತೇವವಿರಬಹುದೆಂದು ಕಾನೂನು ಮಾಡಬೇಕಾಯಿತು. ಕುಣಿಯೊಂದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಇಷ್ಟೆಲ್ಲ!

ಮುಂದಿನ ದೊಡ್ಡ ಹೆಜ್ಜೆ ಬಿಗಿಯನ್ನು ಕಾಯುವುದಲ್ಲ, ಅದು ತಪ್ಪಿದ್ದನ್ನು ಗುರುತಿಸುವುದು. ಅಮೆರಿಕದ ಡ್ರೇಪರ್ ಕಂಪನಿ 1890ರ ದಶಕದಲ್ಲಿ ಮಾರುಕಟ್ಟೆಗೆ ತಂದ ನಾರ್ತ್‌ರಾಪ್ ಮಗ್ಗದಲ್ಲಿ ಹಾಸಿನ ಎಳೆಗಳಿಗೆ ತೆಳುವಾದ ಉಕ್ಕಿನ ಪಟ್ಟಿಗಳನ್ನು ತೂಗುಹಾಕಿದ್ದರು. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಅದರ ಮೇಲೆ ನಿಂತಿರುತ್ತದೆ. ಎಳೆ ಹರಿದರೆ ಕೆಳಗೆ ಬಿದ್ದು ಮಗ್ಗವನ್ನು ನಿಲ್ಲಿಸುತ್ತದೆ. ಜಪಾನಿನಲ್ಲಿ ಟೊಯೊಡಾ ಸಕಿಚಿ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲೂ ಎಳೆ ಹರಿದರೆ ತಾನೇ ನಿಲ್ಲುವ ವ್ಯವಸ್ಥೆಯಿತ್ತು. ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ 1929ರಲ್ಲಿ ಅದರ ಪೇಟೆಂಟ್ ಹಕ್ಕನ್ನು ಕೊಂಡಿತು. ಮಗ್ಗಯಂತ್ರ ಹುಟ್ಟಿದ ದೇಶವೇ ಜಪಾನಿನಿಂದ ಮಗ್ಗದ ವಿದ್ಯೆ ಕೊಂಡದ್ದು ಆಗ ಸಣ್ಣ ಸಂಗತಿಯಾಗಿರಲಿಲ್ಲ. ಅದೇ ಮನೆತನ ಮುಂದೆ ಟೊಯೊಟಾ ಕಾರುಗಳನ್ನು ಮಾಡಿತು.

ಹೊಕ್ಕಿನ ಬಿಗಿಗೆ ಇಷ್ಟು ದೊಡ್ಡ ಕಥೆಯಿಲ್ಲ. ಲಾಳಿಯ ಒಳಗೋಡೆಗೆ ಮೊಲದ ತುಪ್ಪಳದ ಚೂರು ಅಂಟಿಸಿ, ಕಂಡಿಕೆಯಿಂದ ಬಿಚ್ಚುವ ನೂಲು ಅದಕ್ಕೆ ಉಜ್ಜಿಕೊಂಡು ಬರುವಂತೆ ಮಾಡಿದರೆ ಬಹುಮಟ್ಟಿಗೆ ಸಾಕಾಗುತ್ತಿತ್ತು. ತುಪ್ಪಳ ಸವೆದರೆ ಸೀರೆಯ ಅಂಚು ಸಡಿಲಾಗಿ ಅಲೆಯಲೆಯಾಗುತ್ತದೆ.

ಈಗಿನ ಹೊಸ ಮಗ್ಗಗಳಲ್ಲಿ ಲಾಳಿಯೇ ಇಲ್ಲ. ಗಾಳಿಯ ಚಿಮ್ಮುವಿಕೆಯಿಂದ ಹೊಕ್ಕನ್ನು ಸಾಗಿಸುವ ಮಗ್ಗಗಳು ನಿಮಿಷಕ್ಕೆ 600ಕ್ಕೂ ಹೆಚ್ಚು ಹೊಕ್ಕು ಹಾಕುತ್ತವೆ. ಸಾದಾ ವಿದ್ಯುತ್ ಮಗ್ಗದ್ದು 120ರಿಂದ 150ರ ಆಸುಪಾಸು. ಆ ವೇಗದಲ್ಲಿ ಹಗ್ಗ, ತೂಕಗಳು ನಡೆಯುವುದಿಲ್ಲ. ಹಾಸು ಹಾದುಬರುವ ಹಿಂಬದಿಯ ಉರುಳೆಗೆ ಒತ್ತಡ ಅಳೆಯುವ ಸಂವೇದಕವನ್ನು ಜೋಡಿಸಿರುತ್ತಾರೆ. ಬಿಗಿ ಏರಿದರೆ ಬೀಮಿನ ಮೋಟಾರು ಸ್ವಲ್ಪ ಹೆಚ್ಚು ನೂಲು ಬಿಡುತ್ತದೆ, ಇಳಿದರೆ ಕಡಿಮೆ ಬಿಡುತ್ತದೆ. ಎಳೆ ಬೀಮನ್ನು ಎಳೆಯುವ ಕಾಲ ಹೋಗಿ ಬೀಮೇ ಎಳೆಯನ್ನು ಕೊಡುವ ಕಾಲ ಬಂದಂತಾಯಿತು. ಮಗ್ಗ ಸ್ವಲ್ಪ ಹೊತ್ತು ನಿಂತರೆ ಹಾಸು ಸಡಿಲಗೊಂಡು, ಮತ್ತೆ ಹೊರಟಾಗ ಗೆರೆ ಮೂಡುತ್ತದೆ. ಆ ಗೆರೆ ತಪ್ಪಿಸಲು ಹೊರಡುವ ಮುನ್ನ ಬೀಮನ್ನು ಎಷ್ಟು ತಿರುಗಿಸಬೇಕೆಂಬುದನ್ನೂ ಯಂತ್ರ ಲೆಕ್ಕಹಾಕುತ್ತದೆ. ಎರಡೂವರೆ ಸಾವಿರ ವರ್ಷಗಳ ಹಿಂದಿನ ಮಣ್ಣಿನ ಗುಂಡಿನಷ್ಟು ಸಮನಾದ ಎಳೆತವನ್ನು ಯಂತ್ರ ಸಾಧಿಸಿದ್ದು ಹೀಗೆ. ಆದರೆ ಇದು ದುಬಾರಿ. ರಬಕವಿ ಬನಹಟ್ಟಿಯಲ್ಲಾಗಲಿ ದೊಡ್ಡಬಳ್ಳಾಪುರದಲ್ಲಾಗಲಿ ಮನೆಯಲ್ಲೇ ನಾಲ್ಕಾರು ಸಾದಾ ಮಗ್ಗ ಇಟ್ಟುಕೊಂಡವರಿಗೆ ಎಟುಕುವಂಥದ್ದಲ್ಲ.

ಕೈಯ ಅಂದಾಜಿಗೆ ಇನ್ನೂ ಬದಲಿ ಸಿಗದ ಒಂದು ಕೆಲಸ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿದೆ. ಅಲ್ಲಿನ ಸಾಂಪ್ರದಾಯಿಕ ಸೀರೆಯ ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ಕೆಂಪು ರೇಷ್ಮೆ. ಎರಡನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಒಡಲಿನ ಎಳೆಯ ಕುಣಿಕೆಯನ್ನು ಸೆರಗಿನ ಎಳೆಯ ಕುಣಿಕೆಯೊಳಗೆ ಸೇರಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಅಗಲದುದ್ದಕ್ಕೂ ಸಾವಿರಾರು ಕೊಂಡಿಗಳು, ಅದೂ ಒಂದೊಂದು ಸೀರೆಗೂ ಹೊಸದಾಗಿ. ರೇಷ್ಮೆ ಹರಿಯುವ ಮೊದಲು ತನ್ನ ಉದ್ದದ ಐದನೆಯ ಒಂದು ಭಾಗದಷ್ಟು ಹಿಗ್ಗಬಲ್ಲದು, ಹತ್ತಿ ಅದರ ಅರ್ಧದಷ್ಟೂ ಹಿಗ್ಗುವುದಿಲ್ಲ. ಇಂಥ ಎರಡು ಜಾತಿಯ ಎಳೆಗಳು ಒಂದೇ ಗೆರೆಯಲ್ಲಿ ಸಂಧಿಸಿ ಒಂದೇ ಬಿಗಿಯಲ್ಲಿ ನಿಲ್ಲಬೇಕು. ಒಂದು ಕಡೆ ಸಡಿಲವಾದರೆ ಸೆರಗಿನ ಗೆರೆ ಡೊಂಕಾಗುತ್ತದೆ. ಇಳಕಲ್ ಎಂದು ಮಾರುವ ವಿದ್ಯುತ್ ಮಗ್ಗದ ಸೀರೆಗಳಲ್ಲಿ ಈ ಕೊಂಡಿ ಇರುವುದಿಲ್ಲ. ಒಡಲಿನ ಹಾಸೇ ಸೆರಗಿನೊಳಕ್ಕೂ ಮುಂದುವರಿದಿರುತ್ತದೆ, ಬಣ್ಣ ಬದಲಾಗುವುದು ಹೊಕ್ಕಿನಲ್ಲಿ ಮಾತ್ರ. ಕೊಳ್ಳುವವರು ಸೆರಗು ಒಡಲು ಕೂಡುವ ಜಾಗವನ್ನು ಮಗುಚಿ ಬೆಳಕಿಗೆ ಹಿಡಿದು ಉದ್ದದ ಎಳೆಗಳನ್ನು ನೋಡಬೇಕು. ಕೊಂಡಿಯ ಸೀರೆಯಾದರೆ ಒಡಲಿನ ಬಣ್ಣದ ಎಳೆಗಳು ಆ ಗೆರೆಯಲ್ಲಿ ನಿಂತುಹೋಗಿ, ಅಲ್ಲಿಂದಾಚೆಗೆ ಉದ್ದಕ್ಕೂ ಕೆಂಪೇ ಇರುತ್ತದೆ.